ಮೂರು ಶಾಲೆ, ಮೂರು ಸರ್ವರ್, ಒಂದು ಫರ್ಮ್‌ವೇರ್

ಸರ್ವರ್ ಇರುವ ಕೋಣೆಗೆ ನಾನು ಕಾಲಿಟ್ಟಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ಹೆಚ್ಚಿನ ಸಲ ಅದರಲ್ಲಿ ಸರ್ವರಿನ ತಪ್ಪು ಏನೂ ಇರುವುದಿಲ್ಲ.

ನಾನು ಹಾವೇರಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಮಾಸ್ತರ. ನಮ್ಮ ಸಂಸ್ಥೆಯ ಶಾಲೆಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿವೆ. ಹಳೆಯ ವಿದ್ಯಾರ್ಥಿಯೊಬ್ಬ ಮೂರಕ್ಕೂ ಒಂದೇ ಮಾದರಿಯ ಸರ್ವರ್ ಕೊಡಿಸಿದ. ಲಿನಕ್ಸ್ ಬಲ್ಲವನು ನಾನೊಬ್ಬನೇ, ಹೀಗಾಗಿ ಮೂರೂ ನನ್ನ ಕೊರಳಿಗೆ ಬಿದ್ದವು.

ಒಂದು ದಿನ ಹಾವೇರಿಯ ಸರ್ವರ್ ತನ್ನ ಡಿಸ್ಕನ್ನೇ ಗುರುತಿಸದಾಯಿತು. ಡಿಸ್ಕ್ ಎದುರಿಗೇ ಇತ್ತು. ಯಂತ್ರ ಮಾತ್ರ ಇಲ್ಲವೆನ್ನುತ್ತಿತ್ತು. ತಯಾರಕರ ಸೂಚನೆ ಓದಿದೆ: ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಬರೆದಿಟ್ಟ ಮೂಲ ಪ್ರೋಗ್ರಾಮು, ಹಳೆಯದಾಗಿದೆ, ಹೊಸದನ್ನು ಹಾಕಿದರೆ ಡಿಸ್ಕ್ ಮತ್ತೆ ಕಾಣಬಹುದು.

ಆ ಡಿಸ್ಕಿನಲ್ಲಿ ನನ್ನ ಹೆಂಡತಿಯ ಧ್ವನಿಯಿತ್ತು. ಆಕೆ ನಮ್ಮಲ್ಲೇ ಕನ್ನಡ ಕಲಿಸುತ್ತಿದ್ದಳು, ಶಾಲೆಯಲ್ಲೆಲ್ಲ ಆಕೆಯನ್ನು ಅಕ್ಕಾರು ಎನ್ನುತ್ತಿದ್ದರು. ಕೊರೊನಾದಲ್ಲಿ ಶಾಲೆ ಮುಚ್ಚಿದ್ದಾಗ ಮನೆಯಲ್ಲಿ ಕೂತು ನಲವತ್ತೊಂದು ಪಾಠ ಧ್ವನಿಮುದ್ರಿಸಿದ್ದಳು. ಆಕೆ ಹೋಗಿ ಎರಡು ವರ್ಷವಾಯಿತು. ಎಲ್ಲದಕ್ಕೂ ಪ್ರತಿ ಇಡುವ ನಾನು ಆ ಪಾಠಗಳಿಗೆ ಇಟ್ಟಿರಲಿಲ್ಲ. ಪ್ರತಿ ಮಾಡಿದರೆ ಸರಿಯಿದೆಯೋ ಎಂದು ಪರೀಕ್ಷಿಸಬೇಕು, ಅದು ನನ್ನ ನಿಯಮ. ಪರೀಕ್ಷಿಸಬೇಕೆಂದರೆ ಕೇಳಬೇಕು. ಅದು ಆಗಿರಲಿಲ್ಲ.

ಫರ್ಮ್‌ವೇರ್ ಅರ್ಧಕ್ಕೆ ನಿಂತರೆ ಯಂತ್ರವೇ ಹೋದೀತು. ಆದ್ದರಿಂದ ಮೊದಲು ಬೇರೆ ಎರಡು ಊರಿನಲ್ಲಿ ಕೈ ಪಳಗಿಸಿಕೊಂಡು, ಹಾವೇರಿಯದನ್ನು ಕೊನೆಗೆ ಮುಟ್ಟುವುದೆಂದು ನಿಶ್ಚಯಿಸಿದೆ.

೧. ಬ್ಯಾಡಗಿ: ತಂಪು ಕೋಣೆ

ಬ್ಯಾಡಗಿ ಶಾಲೆಯ ಸರ್ವರ್ ಕೋಣೆಯಲ್ಲಿ ಎರಡು ಚೀಲ ಮೆಣಸಿನಕಾಯಿ ಇದ್ದವು.

"ಇವೇನ್ರಿ?" ಎಂದು ಗುಮಾಸ್ತರನ್ನು ಕೇಳಿದೆ.

"ಮನೀಗೆ ವರ್ಷದ ಕಾಯಿ ಸರ್. ಸಾಲ್ಯಾಗ ಏಸಿ ಇರೂದು ಇದೊಂದ ಖೋಲ್ಯಾಗ. ತಂಪಿನ್ಯಾಗ ಇಟ್ರ ಬಣ್ಣ ಹೋಗಂಗಿಲ್ರಿ."

"ಸರ್ವರಿಗೆ ಧೂಳು ಆಗೂದಿಲ್ರಿ."

"ಧೂಳು ಎಲ್ಲೈತ್ರಿ? ತೊಟ್ಟು ತಗೀಲಾರದ ಕಾಯಿ. ನೋಡ್ರಿ, ಹೆಂಗ ಹೊಳಿತಾವು!"

ನನಗೆ ವಾದ ಬಾರದು. ಅಪ್‌ಡೇಟ್ ಶುರುಮಾಡಿದೆ. ಫ್ಯಾನುಗಳನ್ನು ಹದದಲ್ಲಿಡುವ ಚಿಪ್ಪನ್ನೇ ತಿದ್ದುವಾಗ ಅವಕ್ಕೆ ಕಡಿವಾಣ ಇರುವುದಿಲ್ಲ. ಪೂರ್ತಿ ವೇಗದಲ್ಲಿ ತಿರುಗುತ್ತವೆ. ಇದನ್ನು ನಾನು ಓದಿದ್ದೆ. ಅವುಗಳ ಗಾಳಿ ನೇರ ಚೀಲಗಳ ಮೇಲೆ ಬೀಳುತ್ತದೆಂದು ಎಲ್ಲೂ ಬರೆದಿರಲಿಲ್ಲ.

ಮೊದಲು ನಾನು ಸೀನಿದೆ. ಆಮೇಲೆ ಗುಮಾಸ್ತರು. ಆಮೇಲೆ ಪಕ್ಕದ ಏಳನೇ ತರಗತಿ, ಸಾಲು ಸಾಲಾಗಿ. ಐದು ನಿಮಿಷದಲ್ಲಿ ಇಡೀ ಶಾಲೆ ಅಂಗಳದಲ್ಲಿತ್ತು. ಅರ್ಧ ಗಂಟೆ ಒಬ್ಬರಿಗೂ ಒಳಗೆ ಹೋಗಲಾಗಲಿಲ್ಲ. ಕೊನೆಗೆ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೋಗಿ ನೋಡಿದರೆ ಪರದೆಯ ಮೇಲೆ "ಯಶಸ್ವಿ" ಎಂಬರ್ಥದ ಸಂದೇಶ.

ಗುಮಾಸ್ತರು ಕಣ್ಣೊರೆಸಿಕೊಂಡು ಅಂದರು: "ನೋಡ್ರಿ ಸರ್, ಕಾಯಿ ಇದ್ದದ್ದಕ್ಕ ಯಾರೂ ಮುಟ್ಟಾಕ ಹೋಗಲಿಲ್ಲ. ಅದಕ್ಕ ಆತು."

೨. ರಾಣೆಬೆನ್ನೂರು: ವಿಶ್ರಾಂತಿ

ರಾಣೆಬೆನ್ನೂರಿಗೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಹೋದೆ. ಮಕ್ಕಳಿಗೆ ರಜೆ, ಯಾರ ಕಾಟವೂ ಇಲ್ಲವೆಂಬ ಲೆಕ್ಕ. ಅಪ್‌ಡೇಟ್ ಶುರುಮಾಡಿ, "ಬಂದ್ ಮಾಡಬೇಡಿ" ಎಂದು ಚೀಟಿ ಅಂಟಿಸಿ, ಚಹಾಕ್ಕೆ ಹೋದೆ.

ಬಂದು ನೋಡಿದರೆ ಸರ್ವರಿನ ಹಣೆಗೆ ವಿಭೂತಿ, ಕುಂಕುಮ, ಮೇಲೆ ಒಂದು ಚೆಂಡುಹೂವಿನ ಹಾರ. ದೀಪಗಳೆಲ್ಲ ಆರಿದ್ದವು, ಗೋಡೆಯ ಸ್ವಿಚ್ಚೂ ಬಂದಾಗಿತ್ತು.

"ಇದನ್ನ ಯಾರು ಬಂದ್ ಮಾಡಿದ್ರು?"

"ನಾನ ಸರ್," ಎಂದ ಜವಾನ, ಬಹಳ ಸಮಾಧಾನದಿಂದ. "ಪೂಜಿ ಆದಮ್ಯಾಗ ಯಂತ್ರಕ್ಕ ಇವತ್ತ ವಿಶ್ರಾಂತಿ. ನಾಳೆ ಮಟಾ ಮುಟ್ಟಂಗಿಲ್ರಿ."

"ಅರವತ್ತೆರಡು ಪರ್ಸೆಂಟ್ ಆಗಿತ್ತಲ್ಲಪಾ! ಚೀಟಿ ಓದಲಿಲ್ಲೇನು?"

"ಓದೇನ್ರಿ. ಅದಕ್ಕೂ ಕುಂಕುಮ ಹಚ್ಚೇನಿ."

ಮತ್ತೆ ಚಾಲೂ ಮಾಡಬೇಕೆಂದು ಗುಂಡಿಗೆ ಕೈ ಚಾಚಿದೆ. ಆತ ನಡುವೆ ನಿಂತ. ಅಷ್ಟರಲ್ಲಿ ಬಂದ ಮುಖ್ಯೋಪಾಧ್ಯಾಯಿನಿಯವರೂ, "ಇರ್ಲಿ ಬಿಡ್ರಿ ಸರ್, ಒಂದು ದಿನಾ ಅಲ್ಲ?" ಎಂದರು. ಹಾವೇರಿಗೆ ಮರಳುವ ಬಸ್ಸಿನಲ್ಲಿ, ಒಂದು ಯಂತ್ರವನ್ನು ಕೊಂದೆನೆಂದೇ ಲೆಕ್ಕ ಹಾಕುತ್ತ ಕೂತಿದ್ದೆ.

ಮನೆಯಲ್ಲಿ ಕೈಪಿಡಿ ತೆಗೆದು ಓದಿದೆ. ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಯಂತ್ರ ತನ್ನೊಳಗಿನ ಹಳೆಯ ಪ್ರತಿಗೆ ಮರಳುತ್ತದಂತೆ. ಆದರೆ ಅದಕ್ಕೆ ಮೊದಲು ಕರೆಂಟು ಪೂರ್ತಿ ತೆಗೆದು ಬಹಳ ಹೊತ್ತು ಬಿಡಬೇಕಂತೆ. ಮರುದಿನ ಹೋಗಿ ಗುಂಡಿ ಒತ್ತಿದೆ. ಎದ್ದಿತು. ಮತ್ತೊಮ್ಮೆ ಅಪ್‌ಡೇಟ್ ಹಾಕಿದೆ, ಮುಗಿಯಿತು.

ಜವಾನ ಬಾಗಿಲಲ್ಲೇ ನಿಂತಿದ್ದ. "ದಣಿದಿತ್ರಿ," ಎಂದ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ಹೀಗಿದೆ. ದೋಷದ ಕಾರಣ: ಖಂಡೇಪೂಜೆ. ಪರಿಹಾರ: ಖಂಡೇಪೂಜೆ.

೩. ಹಾವೇರಿ: ಪಾಸ್, ಫೇಲ್

ಇನ್ನು ನಮ್ಮದು. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಅಪ್‌ಡೇಟ್ ಹಾಕಿದೆ. ಫೇಲ್. ಮತ್ತೆ ಹಾಕಿದೆ. ಮತ್ತೆ ಫೇಲ್.

ಹಿಂದೆ ನಿಂತಿದ್ದ ಹೆಡ್‌ಮಾಸ್ತರರು ತಡೆಯಲಾರದೆ ಕೇಳಿದರು: "ನಾವು ಇಲ್ಲಿ ಎಲ್ಲಾರನ್ನೂ ಪಾಸ್ ಮಾಡ್ತೇವಿ. ಇದ್ಯಾಕ ಫೇಲ್ ಮಾಡಾಕತ್ತೈತಿ?"

ದೋಷದ ದಾಖಲೆಯನ್ನು ಸಾಲು ಸಾಲಾಗಿ ಓದಿದೆ. ನಮ್ಮ ಸರ್ವರಿನ ಫರ್ಮ್‌ವೇರ್ ಉಳಿದೆರಡಕ್ಕಿಂತ ಹಳೆಯದು. ಮಧ್ಯದ ಆವೃತ್ತಿ ಹಾಕದೆ ಹೊಸದನ್ನು ಒಪ್ಪದು.

"ಐದನೇ ಕ್ಲಾಸಿನ ಹುಡುಗನ್ನ ಒಮ್ಮೆಲೆ ಹತ್ತನೇತ್ತಾಕ್ಕ ಕುಂದ್ರಸಾಕತ್ತಿದ್ನಿ ಸರ್," ಎಂದೆ.

"ಹಂಗಾರ ಏಳನೇತ್ತಾದಾಗ ಕುಂದ್ರಸ್ರಿ ಮೊದಲ."

ಕೂರಿಸಿದೆ. ಪಾಸ್. ಆಮೇಲೆ ಹೊಸದು. ಪಾಸ್. ಯಂತ್ರವನ್ನು ಮತ್ತೆ ಎಬ್ಬಿಸಿದೆ. ಪರದೆಯ ಮೇಲೆ ಡಿಸ್ಕ್ ಕಾಣಿಸಿತು, ಒಳಗೆ ನಲವತ್ತೊಂದು ಪಾಠ.

ಸರಿಯಿವೆಯೋ ಎಂದು ಪರೀಕ್ಷಿಸಲೇಬೇಕು. ಹೆಡ್‌ಮಾಸ್ತರರು ಒಳಗಿನಿಂದ ಬಾಗಿಲು ಮುಚ್ಚಿದರು. ನಾನು ಹದಿನೇಳನೆಯ ಪಾಠ ಒತ್ತಿದೆ. ಸರ್ವರಿನ ಧ್ವನಿಯನ್ನು ಎಲ್ಲ ತರಗತಿಗಳ ಸ್ಪೀಕರಿಗೂ ಜೋಡಿಸಿದ್ದವನು ನಾನೇ. ಆ ಗಳಿಗೆಯಲ್ಲಿ ಅದು ಮರೆತಿತ್ತು.

ಆಕೆ ಪದ್ಯವೊಂದರ ಭಾವಾರ್ಥ ಹೇಳುತ್ತಿದ್ದಳು, ನಿಧಾನವಾಗಿ, ಸ್ಪಷ್ಟವಾಗಿ. ಹಿಂದೆಲ್ಲೋ ಕುಕ್ಕರ್ ಕೂಗಿತು. ಮತ್ತೊಮ್ಮೆ ಕೂಗಿತು. ಭಾವಾರ್ಥ ನಿಂತಿತು.

"ಅಲ್ರೀ, ಆ ಕುಕ್ಕರ್ ಬಂದ್ ಮಾಡ್ರಿ! ಮೂರು ಸೀಟಿ ಅಂದಿದ್ದೆ, ಐದು ಆದ್ವು. ಲೆಕ್ಕದ ಮಾಸ್ತರಗ ಮೂರರ ಮಟಾ ಎಣಿಸಾಕ ಬರಂಗಿಲ್ಲೇನು?"

ಸ್ಪೀಕರುಗಳಿಂದ ಅದು ಇಡೀ ಶಾಲೆಗೆ ಕೇಳಿತು. ಆಮೇಲೆ ಎಂಟನೇ ತರಗತಿಯಲ್ಲಿ ಎದ್ದ ನಗು ಹತ್ತನೆಯದನ್ನು ದಾಟಿ ಅಂಗಳಕ್ಕೆ ಬಂತು. ನಾನು ಯಾವಾಗ ಎದ್ದು ನಿಂತೆನೋ ತಿಳಿಯದು. ಕೈ ಒಲೆಯ ಗುಂಡಿ ಹುಡುಕುತ್ತಿತ್ತು. ಹೆಡ್‌ಮಾಸ್ತರರು ಭುಜ ಹಿಡಿದು ಕೂರಿಸಿದರು. ನಾನೂ ನಕ್ಕೆ. ಎರಡು ವರ್ಷದ ನಂತರ ಬೈಸಿಕೊಂಡಿದ್ದೆ, ಅದೂ ಸ್ಪೀಕರಿನಲ್ಲಿ.

ಆ ವಾರ ಬಿಡುವಿದ್ದಾಗಲೆಲ್ಲ ಕೂತು ನಲವತ್ತೊಂದನ್ನೂ ಕೇಳಿದೆ, ಪ್ರತಿ ತೆಗೆದೆ. ಶನಿವಾರ ಪೆನ್‌ಡ್ರೈವುಗಳನ್ನು ಹೆಡ್‌ಮಾಸ್ತರರ ಮೇಜಿನ ಮೇಲೆ ಸಾಲಾಗಿ ಇಟ್ಟೆ.

"ಮೂರು ಪ್ರತಿ ಮಾಡೇನ್ರಿ ಸರ್. ಸಾಲಿಗೊಂದು, ಮನೀಗೊಂದು, ಇರ್ಲಿ ಅಂತ ಇನ್ನೊಂದು."

ಅವರು ಕನ್ನಡಕ ಏರಿಸಿ, ಬೆರಳಿನಿಂದ ಒಂದೊಂದನ್ನೇ ಸರಿಸುತ್ತ ಎಣಿಸಿದರು.

"ಮಾಸ್ತರ," ಎಂದರು, "ಅಕ್ಕಾರು ಖರೇನ ಹೇಳ್ಯಾರ. ಇವು ಐದು ಅದಾವ."