ದಯವಿಟ್ಟು ತಗೊಳ್ಳಿ

ಅರ್ಜಿ ಅಕ್ಕ ಮಾಡಿದ ತಪ್ಪು ಇಷ್ಟೇ. ಹಿಂದಿನ ಸಂಜೆ ಮನೆಗೆ ಹೊರಡುವ ಆತುರದಲ್ಲಿ ಕಚೇರಿಯವರೆಲ್ಲ ಮಾವ ಎನ್ನುವ ಉಗ್ರಾಣದ ಹಿರಿಯರಿಗೆ, "ನಾಳೆ ಹೊರದೇಶದವರು ಬರ್ತಾರೆ ಮಾವ, ಮೀಟಿಂಗ್ ಕೋಣೆ ಸಿದ್ಧ ಮಾಡಿಬಿಡಿ" ಎಂದು ಹೇಳಿ ಬಸ್ಸಿಗೆ ಓಡಿದ್ದಳು. ಬರುವವರು ಕೊಡುವುದಕ್ಕಲ್ಲ, ತೆಗೆದುಕೊಳ್ಳುವುದಕ್ಕೆ ಬರುತ್ತಿದ್ದಾರೆ ಎಂಬ ಮಾತು ಮಾತ್ರ ಬಾಯಲ್ಲೇ ಉಳಿದುಹೋಗಿತ್ತು.

ಅದರಿಂದ ಆದ ಅನಾಹುತ ಅರ್ಥವಾಗಬೇಕಾದರೆ ಆ ಸರ್ಕಾರಿ ಕಚೇರಿಯ ರೂಢಿ ಗೊತ್ತಿರಬೇಕು. ಹೊರದೇಶಗಳಿಂದ ನೆರವು ಪಡೆಯುವುದೇ ಅಲ್ಲಿನ ಕೆಲಸ. ದಾನಿಗಳು ಬರುತ್ತಾರೆಂದರೆ ಮಾವ ಮೀಟಿಂಗ್ ಕೋಣೆಯನ್ನು ಬಡವಾಗಿಸುತ್ತಿದ್ದರು. ಮೆತ್ತನೆಯ ಕುರ್ಚಿಗಳು ಉಗ್ರಾಣ ಸೇರುತ್ತಿದ್ದವು. ಅಲ್ಲಿಂದ ನಡುಗುವ ಕಾಲಿನ ಮುದಿ ಕುರ್ಚಿಗಳು ಹೊರಬರುತ್ತಿದ್ದವು. ಏಸಿಯ ಮೇಲೆ ತೇವ ಹಿಡಿದ ನಕ್ಷೆಯೊಂದು ತೂಗಾಡುತ್ತಿತ್ತು. ಫ್ಯಾನಿನ ಸ್ಕ್ರೂ ಸಡಿಲಿಸಿ ಅದಕ್ಕೆ ದಮ್ಮಿನ ರೋಗಿಯ ಕೆಮ್ಮು ಬರಿಸುವುದರಲ್ಲಂತೂ ಮಾವನ ಕೈ ಪಳಗಿತ್ತು. ಮಿಕ್ಕದ್ದನ್ನು ಅಕ್ಕನ ಅರ್ಜಿ ನೋಡಿಕೊಳ್ಳುತ್ತಿತ್ತು. ಬೇಡಿದಂತೆ ಕಾಣದ ಹಾಗೆ ಬೇಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. 'ಅರ್ಜಿ ಅಕ್ಕ' ಎಂಬ ಹೆಸರು ಬಂದದ್ದೇ ಹಾಗೆ.

ಈಗ ದೇಶ ತಕ್ಕಮಟ್ಟಿಗೆ ಚೇತರಿಸಿಕೊಂಡಿತ್ತು. ಕೈಪಂಪು ತಯಾರಿಕೆಯಲ್ಲಿ ಹೆಸರು ಮಾಡಿ, ಇನ್ನು ಮೇಲೆ ನಾವೂ ಕೊಡುವವರೇ ಎಂದು ಸಾರಿತ್ತು. ಕಚೇರಿಯಲ್ಲಿ ನೆರವು ನೀಡಿಕೆ ವಿಭಾಗ ಹುಟ್ಟಿತು. ನೆಲಮಾಳಿಗೆಯಲ್ಲಿ ನೀರಿನ ಟ್ಯಾಂಕಿನ ಪಕ್ಕದ ತೇವದಲ್ಲಿ ಸೀನುತ್ತಾ ಕೂರುತ್ತಿದ್ದ ಅಕ್ಕ ಅದರ ಹಂಗಾಮಿ ಮುಖ್ಯಸ್ಥೆಯಾಗಿ ಮೂರನೇ ಮಹಡಿಯ ದೊಡ್ಡ ಕಿಟಕಿಯ ಕೋಣೆಗೆ ಏರಿದಳು.

ಏರಿದ ಮೇಲೆ ಗೊತ್ತಾಯಿತು, ಬೇಡುವುದಕ್ಕಿಂತ ಕೊಡುವುದು ಕಷ್ಟ ಎಂದು. ಯಾವ ದೇಶಕ್ಕೆ ಫೋನ್ ಮಾಡಿದರೂ, "ಕೊಡೋರು ಆಗಲೇ ಹೊರಗಡೆ ಸಾಲಾಗಿ ಕೂತಿದಾರೆ, ಆಮೇಲೆ ಮಾಡಿ" ಎನ್ನುತ್ತಿದ್ದರು. ಕೊನೆಗೆ ಪುಟ್ಟ ದ್ವೀಪದೇಶವೊಂದು "ಬಂದು ನೋಡ್ತೀವಿ" ಎಂದಿತು. ಹೆಣ್ಣು ನೋಡಲು ಬರುವವರಂತೆ ಮುಂದೇನೂ ಹೇಳಲಿಲ್ಲ.

"ನೋಡಮ್ಮ, ಅವರ ಸಹಿ ಬಿದ್ರೆ ಆ ಕೋಣೆ ನಿನಗೆ ಕಾಯಂ. ಬೀಳದಿದ್ರೆ ವಿಭಾಗ ಮುಚ್ಚಿ ಅಂತ ಮೇಲಿಂದ ಹೇಳಿದಾರೆ" ಎಂದಿದ್ದರು ಸಾಹೇಬರು. "ಆಮೇಲೆ ನೀನುಂಟು, ನಿನ್ನ ಟ್ಯಾಂಕುಂಟು."

ಬೆಳಗ್ಗೆ ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಆ ಬೇಡೋ ಮುಖ ಹೊತ್ಕೊಂಡು ಹೋಗ್ಬೇಡ್ವೇ! ಕೊಡೋಳು ನೀನು. ಸ್ವಲ್ಪ ಗತ್ತಿರಲಿ."

ಅಕ್ಕ ಕನ್ನಡಿಯ ಮುಂದೆ ನಿಂತು ಗತ್ತಿನ ಮುಖ ಮಾಡಿದಳು.

"ಯಾಕೆ, ಹಲ್ಲು ನೋಯ್ತಿದ್ಯಾ?" ಎಂದ ಗಂಡ.

ಕಚೇರಿಗೆ ಬಂದರೆ ಲಿಫ್ಟಿನ ಮುಂದೆ 'ಕೆಟ್ಟಿದೆ' ಎಂಬ ಫಲಕ. ಆ ಲಿಫ್ಟ್ ಕೆಡುತ್ತಿದ್ದದ್ದು ದಾನಿಗಳು ಬಂದಾಗ ಮಾತ್ರ! ಅಕ್ಕ ಒಂದೇ ಉಸಿರಿಗೆ ಮೂರು ಮಹಡಿ ಹತ್ತಿದಳು. ಮೀಟಿಂಗ್ ಕೋಣೆಯ ನಡುವೆ ಮಾವ ಸೊಂಟದ ಮೇಲೆ ಕೈಯಿಟ್ಟು, ಚಿತ್ರ ಬರೆದು ಮುಗಿಸಿದ ಕಲಾವಿದನಂತೆ ನಿಂತಿದ್ದರು.

"ಹೇಗಿದೆ ತಾಯಿ? ಈ ಸಲ ಗೋಡೆ ಗಾರೇನೂ ಸ್ವಲ್ಪ ಕೆರೆದಿದೀನಿ."

"ಅಯ್ಯೋ ಮಾವಾ! ಬರ್ತಿರೋದು ಕೊಡೋರಲ್ಲ, ತಗೊಳ್ಳೋರು!"

"ತಗೊಳ್ಳೋರಾ?" ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮ ಹತ್ರ ತಗೊಳ್ಳೋಕೆ ಬರೋ ಗತಿ ಯಾರಿಗೆ ಬಂತು, ಪಾಪ?"

"ಒಳ್ಳೇ ಕುರ್ಚಿ ಹೊರಗೆ ತೆಗೀರಿ, ಬೇಗ! ಉಗ್ರಾಣದ ಕೀಲಿ ಎಲ್ಲಿ?"

"ಸಾಹೇಬರ ಜೇಬಲ್ಲಿ. ಅವರು ಅತಿಥಿಗಳನ್ನ ಕರ್ಕೊಂಡು ಬರೋಕೆ ಹೋಗಿದಾರೆ."

ಗದ್ದಲ ಕೇಳಿ ಟೈಪಿಸ್ಟ್ ಹುಡುಗಿ ಓಡಿಬಂದಳು. "ಅಷ್ಟೇನಾ ಅಕ್ಕಾ? ನಾನಿದೀನಿ ಬಿಡಿ" ಎಂದವಳೇ ಕಿಟಕಿಯ ಪರದೆ ಕಿತ್ತು ಮೇಜಿಗೆ ಹಾಸಿದಳು. ಮೇಜು ಚೆನ್ನಾಯಿತು. ಆದರೆ ಪರದೆ ತಡೆದಿದ್ದ ಬಿಸಿಲು ನೇರವಾಗಿ ಒಳಗೆ ಬಂದು ಕೆರೆದ ಗೋಡೆಯನ್ನು ಬೆಳಗಿಸಿತು. "ನಕ್ಷೆ ತೆಗೆದು ಏಸಿ ತೋರ್ಸೋಣ" ಎಂದು ಅಕ್ಕ ಕೈಹಾಕಿ ಎಳೆದಳು. ನಕ್ಷೆ ಅರ್ಧಕ್ಕೆ ಹರಿದು, ಹೊರಗೆ ಕಂಡಷ್ಟು ಏಸಿ ಬ್ಯಾಂಡೇಜು ಕಟ್ಟಿಕೊಂಡ ಗಾಯಾಳುವಿನಂತೆ ಇಣುಕಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಸಾಹೇಬರ ಹಿಂದೆ ಅತಿಥಿಗಳಿಬ್ಬರು ಬಂದರು: ಬೆಳ್ಳಗಿನ ಕೂದಲಿನ ಒಬ್ಬ ಹಿರಿಯಮ್ಮ, ಅವರ ಮಾತನ್ನು ನಮ್ಮ ಭಾಷೆಗೆ ತಿರುಗಿಸುವ ಒಬ್ಬ ತೆಳ್ಳನೆಯ ದುಭಾಷಿ. ಹಿರಿಯಮ್ಮ ಕೂತ ಕೂಡಲೇ ಕುರ್ಚಿ ದೋಣಿಯಂತೆ ಒಂದು ಕಡೆಗೆ ವಾಲಿತು. ದ್ವೀಪದವರಾದ್ದರಿಂದ ಅವರು ಗಾಬರಿಯಾಗದೆ ಇನ್ನೊಂದು ಕಡೆಗೆ ವಾಲಿ ಸರಿಮಾಡಿಕೊಂಡರು. ಮೇಲೆ ಫ್ಯಾನು ಕೆಮ್ಮಿ ಕೆಮ್ಮಿ ಒಂದು ಸ್ಕ್ರೂವನ್ನು ಸಾಹೇಬರ ಚಹಾದ ಲೋಟಕ್ಕೆ ಉಗುಳಿತು.

ಅಕ್ಕ ಗತ್ತಿನಿಂದ ಎದ್ದು ನಿಂತಳು. ಆದರೆ ಬಾಯಿ ತೆರೆದದ್ದೇ ತಡ, ಇಷ್ಟು ವರ್ಷದ ರೂಢಿ ನಾಲಿಗೆಯ ಮೇಲೆ ಕುಳಿತು ಲಗಾಮು ಹಿಡಿಯಿತು.

"ಮಾನ್ಯರೇ, ತಾವು ದೊಡ್ಡ ಮನಸ್ಸು ಮಾಡಬೇಕು. ನಮ್ಮ ಪರಿಸ್ಥಿತಿ ತಮಗೆ ಕಾಣುತ್ತಲೇ ಇದೆ. ತಮ್ಮನ್ನು ಬಿಟ್ಟರೆ ನಮಗೆ ಬೇರೆ ಗತಿಯಿಲ್ಲ. ದಯವಿಟ್ಟು, ನಮ್ಮ ಕೈಪಂಪುಗಳನ್ನು ತಗೊಳ್ಳಿ..."

ದುಭಾಷಿ ಒಂದಕ್ಷರ ಬಿಡದೆ ಭಾಷಾಂತರಿಸಿದ. ಹಿರಿಯಮ್ಮ ಕರವಸ್ತ್ರ ತೆಗೆದರು. ಬಾಗಿಲ ಸಂದಿಯಲ್ಲಿದ್ದ ಮಾವ ಟೈಪಿಸ್ಟ್ ಹುಡುಗಿಗೆ, "ನೋಡ್ದಾ? ಗಾರೆ ಕೆಲಸ ಮಾಡ್ತು" ಎಂದರು.

ಹಿರಿಯಮ್ಮ ಏನೋ ಹೇಳಿದರು. ದುಭಾಷಿ ತಿರುಗಿದ. "ನೋಡಿದ್ದು ಸಾಕು, ಇವತ್ತೇ ಸಹಿ ಹಾಕ್ತೀವಿ ಅಂತಿದಾರೆ."

ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಪೆನ್ನು ತೆಗೆದು ಕೊಡಹೋದಳು. ಹಿರಿಯಮ್ಮ ಅದನ್ನು ಬದಿಗೆ ಸರಿಸಿ, ತಮ್ಮ ಚೀಲದಿಂದ ತಮ್ಮದೇ ಪೆನ್ನು, ತಮ್ಮದೇ ಒಪ್ಪಂದ ಹೊರತೆಗೆದರು.

"ನಮ್ಮ ದೇಶನೂ ಈ ವರ್ಷದಿಂದ ಕೊಡೋಕೆ ಶುರುಮಾಡಿದೆ" ಎಂದ ದುಭಾಷಿ. "ತಗೊಳ್ಳೋರು ಸಿಗದೆ ಊರೂರು ಸುತ್ತಿ ಸಾಕಾಗಿತ್ತು. ನಮ್ಮ ಮೊದಲ ನೆರವು ನಿಮಗೇ. ಕುರ್ಚಿ, ಮೇಜು, ಫ್ಯಾನು, ಲಿಫ್ಟಿನ ರಿಪೇರಿ."

"ಇಲ್ಲ ಇಲ್ಲ! ಕೊಡೋರು ನಾವು!" ಎಂದಳು ಅಕ್ಕ.

"ಸಂಕೋಚ ಪಡ್ಬೇಡಿ ಅಂತಿದಾರೆ."

"ಸಂಕೋಚ ಅಲ್ರೀ! ಲಿಫ್ಟ್ ಚೆನ್ನಾಗೇ ಇದೆ! ಕುರ್ಚಿ ಉಗ್ರಾಣ ತುಂಬ ಇವೆ!"

"ಇಷ್ಟು ಕಷ್ಟದಲ್ಲೂ ಎಂಥ ಸ್ವಾಭಿಮಾನ ಅಂತಿದಾರೆ."

ಹಿರಿಯಮ್ಮ ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ದುಭಾಷಿ ದನಿ ತಗ್ಗಿಸಿದ. "ದಯವಿಟ್ಟು ತಗೊಳ್ಳಿ ಅಂತಿದಾರೆ. ಇವತ್ತು ಸಹಿ ಆಗದಿದ್ರೆ ಅಲ್ಲಿ ಅವರ ವಿಭಾಗ ಮುಚ್ಚಿಬಿಡ್ತಾರಂತೆ."

ಅಕ್ಕ ಕೈ ಬಿಡಿಸಿಕೊಳ್ಳುವಷ್ಟರಲ್ಲೇ ಹಿಂದೆ ಪೆನ್ನಿನ ಸರಸರ ಸದ್ದು ಕೇಳಿತು. ಕೊಡುತ್ತೇವೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕು, ಸಾಹೇಬರ ಕೈ ಅವರನ್ನು ಕೇಳದೆಯೇ ಹೋಗಿ ಸಹಿ ಹಾಕಿ ಬಂದಿತ್ತು.

"ಸಾರ್!" ಎಂದು ಕಿರುಚಿದಳು ಅಕ್ಕ.

ಸಾಹೇಬರು ತಮ್ಮ ಕೈಯನ್ನು ತಾವೇ ನೋಡಿಕೊಂಡರು. "ಇರ್ಲಿ ಬಿಡಮ್ಮ. ಬರೋದನ್ನ ಬೇಡ ಅನ್ನೋದು ನಮ್ಮ ಕಚೇರಿಗೇ ಗೊತ್ತಿಲ್ಲ."

"ಒಂದೇ ಒಂದು ಷರತ್ತು" ಎಂದ ದುಭಾಷಿ. "ನೆರವಿನ ಉಸ್ತುವಾರಿಗೆ ಅಮ್ಮನವರು ಇಲ್ಲೇ ಇರ್ಬೇಕಾಗುತ್ತೆ. ಅವರಿಗೊಂದು ಗಾಳಿ ಬೆಳಕಿನ ಕೋಣೆ ಬೇಕು."

ಸಾಹೇಬರು ಅಕ್ಕನ ಕಡೆ ನೋಡಿದರು. ಅಕ್ಕ ನೆಲ ನೋಡಿದಳು.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಏನಾಯ್ತೇ? ಕೊಟ್ಟೆಯೋ ಇಲ್ವೋ?"

"ಕೊಟ್ಟೆ ಅತ್ತೆ."

"ಭೇಷ್! ಏನು ಕೊಟ್ಟೆ?"

ಅಕ್ಕ ಚಪ್ಪಲಿ ಬಿಡುತ್ತಾ ಒಂದು ಸಲ ಸೀನಿದಳು.

"ನನ್ನ ಕೋಣೆ."