ಗಿಜರ್ಡಿಗೊಂದು ವಾಕ್ಯ

ಬೆಳಿಗ್ಗೆ ಹತ್ತೂಕಾಲಿಗೆ ಮೇಜಿನ ಮೇಲೆ ಬಿದ್ದ ಅಂಗೈಯಗಲದ ಒಂದು ಕಾರ್ಡು ಟೆಂಪ್ರವರಿಯ ಇಡೀ ದಿನವನ್ನು ಹಾಳುಮಾಡಿತು. ಕಾರ್ಡಿನ ಮೇಲಿದ್ದದ್ದು ಒಂದೇ ಪದ: ಗಿಜರ್ಡ್.

ಟೆಂಪ್ರವರಿ ಅಂದರೆ ನಮ್ಮ ಕಥಾನಾಯಕ. ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದು ಇತ್ತು, ಪಾಪ. ಆದರೆ ಮೂರು ವರ್ಷದಿಂದ ತಾತ್ಕಾಲಿಕ ನೌಕರಿಯಲ್ಲೇ ಕೊಳೆಯುತ್ತಿದ್ದವನನ್ನು ಆ ಹೆಸರಿನಿಂದ ಕರೆಯುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಅವನ ಕಚೇರಿ. ಜನ ದಿನನಿತ್ಯ ಆಡುವ ಇಂಗ್ಲಿಷ್ ಪದಗಳಿಗೆಲ್ಲ ಅರ್ಥ ಬರೆದು ನಿಘಂಟು ಮಾಡುವುದು ಅಲ್ಲಿನ ಕೆಲಸ. ಎಪ್ಪತ್ತೆಂಟು ವರ್ಷದ ಸಂಪಾದಕರು ಇಪ್ಪತ್ತು ವರ್ಷ ಬೆವರು ಸುರಿಸಿ ಇಂಗ್ಲಿಷಿನ ಏಳನೆಯ ಅಕ್ಷರಕ್ಕೆ ಬಂದು ಮುಟ್ಟಿದ್ದರು.

ತಡ ಆಗದೆ ಏನಾದೀತು? ಸಂಪಾದಕರ ನಿಯಮ ಹಾಗಿತ್ತು. ಅರ್ಥವನ್ನು ಯಾವ ಪುಸ್ತಕದಿಂದಲಾದರೂ ತನ್ನಿ, ಆದರೆ ಬಳಕೆಯ ವಾಕ್ಯ ಮಾತ್ರ ಜೀವಂತ ಮನುಷ್ಯನ ಬಾಯಿಂದ ತಾನಾಗಿ ಉದುರಬೇಕು. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಅಂದರು ಎಂದು ಕಾರ್ಡಿನ ಮೇಲೆ ಬರೆಯಬೇಕು. ನಾವಾಗಿ ಪದವನ್ನು ಅವರ ಬಾಯಿಗೆ ತುರುಕುವಂತಿಲ್ಲ. ಹಿಂದೊಬ್ಬ ‘ಗ್ಯಾರೇಜು’ ಪದಕ್ಕೆ ಮನೆಯಲ್ಲೇ ಕೂತು ವಾಕ್ಯ ಹೊಸೆದು ತಂದು, ಅದೇ ಸಂಜೆ ಮೆಟ್ಟಿಲಿಳಿದವನು ಮತ್ತೆ ಹತ್ತಿರಲಿಲ್ಲ.

“ಸಾರ್, ಗಿಜರ್ಡ್ ಅಂತ ಯಾರ್ ಸಾರ್ ಆಡ್ತಾರೆ?” ಎಂದ ಟೆಂಪ್ರವರಿ.

“ಆಡೋರು ಇಲ್ದೆ ಪದ ಹುಟ್ಟುತ್ತೇನ್ರೀ? ಹೋಗಿ ಹುಡುಕಿ. ಒಂದು ಖಾಯಂ ಹುದ್ದೆ ಮಂಜೂರಾಗಿದೆ. ತುಂಬೋಕೆ ಇವತ್ತೇ ಕಡೇ ದಿನ. ಐದು ಗಂಟೆಯೊಳಗೆ ವಾಕ್ಯ ತಂದ್ರೆ ಆರ್ಡರಿಗೆ ಸಹಿ ಹಾಕ್ತೀನಿ.”

ಖಾಯಂ! ಆ ಮಾತು ಕಿವಿಗೆ ಬಿದ್ದದ್ದೇ ಟೆಂಪ್ರವರಿಯ ಕಣ್ಣಮುಂದೆ ಮಾವನ ಮಂಚ ಬಂದು ನಿಂತಿತು.

ಮಾವ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಬಾಯಲ್ಲಿ ಹಲ್ಲು ಒಂದೂ ಇಲ್ಲ, ಗಂಟಲು ಮಾತ್ರ ಇಂದಿಗೂ ಹಿಂದಿನ ಸೀಟಿನವರೆಗೆ ಕೇಳಿಸುವಂಥದ್ದು. ಎಂಟು ದಿನಕ್ಕೆಂದು ಮಗಳ ಮನೆಗೆ ಬಂದವರು, “ಅಳಿಯಂದ್ರ ಕೆಲಸ ಖಾಯಂ ಆಗೋ ತನಕ ನಾನು ಈ ಮನೆ ಬಿಟ್ಟು ಇಳಿಯಲ್ಲ” ಎಂದು ಘೋಷಿಸಿ ಮೂರು ವರ್ಷವಾಗಿತ್ತು. ಇದ್ದ ಒಂದು ಕೋಣೆ, ಅದರಲ್ಲಿದ್ದ ಒಂದು ಮಂಚ ಎರಡೂ ಅವರ ಪಾಲಾಗಿ, ಗಂಡ ಹೆಂಡತಿ ಅಡುಗೆಮನೆಯಲ್ಲಿ ನೀರಿನ ಕೊಡದ ಪಕ್ಕ ಮಲಗುತ್ತಿದ್ದರು. ಟೆಂಪ್ರವರಿ ಬಚ್ಚಲಿಗೆ ಹೋದರೆ ಸಾಕು, “ಒಳಗ್ಯಾರು? ಬೇಗ ಇಳೀರಿ, ಹಿಂದೆ ಜನ ಇದ್ದಾರೆ!” ಎಂಬ ಕೂಗು ಬಾಗಿಲು ಬಡಿಯುತ್ತಿತ್ತು. ಆದ್ದರಿಂದ ಟೆಂಪ್ರವರಿಗೆ ಖಾಯಂ ಆಗುವುದೆಂದರೆ ಸಂಬಳದ ಮಾತಲ್ಲ, ಮಾವ ಹೊರಡುವ ಮಾತು.

ಅರ್ಥ ಸುಲಭವಾಗಿ ಸಿಕ್ಕಿತು. ಹಕ್ಕಿಗೆ ಹಲ್ಲಿಲ್ಲ, ಕಾಳನ್ನು ಇಡಿಯಾಗಿ ನುಂಗುತ್ತದೆ. ಜೊತೆಗೆ ಸಣ್ಣ ಸಣ್ಣ ಕಲ್ಲನ್ನೂ ನುಂಗುತ್ತದೆ. ಆ ಕಲ್ಲುಗಳನ್ನು ಇಟ್ಟುಕೊಂಡು ಕಾಳನ್ನು ಅರೆಯುವ, ಹೊಟ್ಟೆಯೊಳಗಿನ ಗಟ್ಟಿ ಚೀಲವೇ ಗಿಜರ್ಡ್. ಇಷ್ಟನ್ನು ಬರೆದು ಸೈಕಲ್ ಹತ್ತಿ ಅವನು ನೇರ ಕೋಳಿ ಅಂಗಡಿಗೆ ಹೋದ.

“ಇದಕ್ಕೆ ಏನಂತಾರೆ?” ಎಂದು ತಟ್ಟೆಯಲ್ಲಿದ್ದ ಆ ಚೀಲವನ್ನೇ ಬೆರಳಿಟ್ಟು ತೋರಿಸಿದ.

“ಎಷ್ಟು ಬೇಕು?” ಎಂದ ಅಂಗಡಿಯವನು.

“ಬೇಡ. ಬರೀ ಹೆಸರು ಹೇಳಿ ಸಾಕು.”

“ಹೆಸರಿಟ್ಟು ಸಾಕ್ತೀರೇನ್ರೀ? ತಗೊಳ್ಳೋದಾದ್ರೆ ತಗೊಳ್ಳಿ, ಇಲ್ಲಾಂದ್ರೆ ಪಕ್ಕಕ್ಕೆ ನಿಲ್ಲಿ.”

ಟೆಂಪ್ರವರಿ ಪಕ್ಕಕ್ಕೆ ನಿಂತು ಯೋಚಿಸಿದ. ಇಂಗ್ಲಿಷ್ ಪದಕ್ಕೆ ಇಂಗ್ಲಿಷ್ ಮೇಷ್ಟ್ರೇ ಸರಿ! ಅವನ ಪಕ್ಕದ ಮನೆಯ ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಪದ ಬಾಯಿಬಿಡುವಂತಿಲ್ಲವಲ್ಲ, ಹಾಗಾಗಿ ಇವನು ಸುತ್ತಿ ಬಳಸಿ ಕೇಳಿದ.

“ಮೇಷ್ಟ್ರೇ, ಹೊಟ್ಟೆಯೊಳಗೆ ಒಂದು ಕಡೆ ಕಲ್ಲು ಸೇರ್ಕೊಂಡಿರುತ್ತೆ ನೋಡಿ, ತಿಂದದ್ದೆಲ್ಲ ಅಲ್ಲಿ ಕರಕರ ಅಂತ ಅರೀತಿರುತ್ತೆ. ಅದಕ್ಕೆ ಇಂಗ್ಲಿಷಲ್ಲಿ ಏನೋ ಅಂತಾರಲ್ಲ?”

ಮೇಷ್ಟ್ರು ಪೇಪರ್ ಮಡಚಿ ಇವನ ಹೊಟ್ಟೆಯನ್ನೇ ನೋಡಿದರು. “ಎಷ್ಟು ದಿನದಿಂದ?”

“ನನಗಲ್ಲ ಮೇಷ್ಟ್ರೇ!”

“ಎಲ್ರೂ ಮೊದಲು ಹಾಗೇ ಅನ್ನೋದು. ನಮ್ಮ ಷಡ್ಡಕ ಕೂಡ ಹೀಗೇ ಮುಚ್ಚಿಟ್ಟುಕೊಂಡು, ಕಡೆಗೆ ಗೋಲಿಯಷ್ಟು ದಪ್ಪದ್ದು ತೆಗೆದ್ರು. ನೀರು ಕುಡೀರಿ, ನೀರು!” ಎಂದು ಒಂದು ಚೊಂಬು ನೀರನ್ನು ಅಲ್ಲೇ ಕುಡಿಸಿಯೇ ಬಿಟ್ಟರು. ಇವನು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಇಸ್ತ್ರಿ ಅಂಗಡಿಯವನು, ಎದುರು ಮನೆಯ ಅಜ್ಜಿ, ಹಾಲಿನವಳು ಒಬ್ಬೊಬ್ಬರಾಗಿ ಹೊಟ್ಟೆಯಲ್ಲಿನ ಕಲ್ಲಿಗೆ ಮದ್ದು ಹೇಳತೊಡಗಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಪ್ರತಿಯೊಬ್ಬರಿಗೂ ಅಲ್ಲ ಅಲ್ಲ ಎಂದು ಹೇಳುವಷ್ಟರಲ್ಲಿ ಗಂಟೆ ಹನ್ನೆರಡಾಯಿತು, ಹೊಟ್ಟೆಗೆ ಐದು ಚೊಂಬು ನೀರು ಸೇರಿತು.

ಉಳಿದವರು ಪಶುವೈದ್ಯರೊಬ್ಬರೇ. ಅವರು ಒಂದು ಎಮ್ಮೆಯ ಬಾಲದ ಹಿಂದೆ ನಿಂತಿದ್ದರು.

“ಡಾಕ್ಟ್ರೇ, ಕೋಳಿ ನುಂಗಿದ ಕಲ್ಲು ಎಲ್ಲಿಗೆ ಹೋಗುತ್ತೆ?”

“ಕೋಳಿ ಎಲ್ಲಿ?”

“ಕೋಳಿ ಇಲ್ಲ. ಸುಮ್ನೆ ಕೇಳಿದೆ.”

“ಪೇಷೆಂಟ್ ಇಲ್ದೆ ನಾನು ಬಾಯಿ ಬಿಡಲ್ಲ. ತಗೊಂಡು ಬನ್ನಿ” ಎಂದರು ವೈದ್ಯರು, ತಲೆ ಎತ್ತದೆ.

ಟೆಂಪ್ರವರಿ ಮತ್ತೆ ಕೋಳಿ ಅಂಗಡಿಗೆ ಓಡಿದ. ಜೀವಂತ ಕೋಳಿಯನ್ನು ಒಂದೆರಡು ಗಂಟೆಗೆ ಕಡ ಕೊಡಿ ಎಂದಾಗ ಅಂಗಡಿಯವನು ಕತ್ತಿ ಕೆಳಗಿಟ್ಟು ಇವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನಲವತ್ತು ವರ್ಷದ ವ್ಯಾಪಾರದಲ್ಲಿ ಕೋಳಿಯನ್ನು ವಾಪಸು ತರುತ್ತೇನೆ ಎಂದವನು ಇವನೊಬ್ಬನೇ. ಕಡೆಗೆ ಸೈಕಲ್ಲನ್ನು ಅಂಗಡಿಯ ಕಂಬಕ್ಕೆ ಕಟ್ಟಿಸಿಕೊಂಡು, ಇದ್ದುದರಲ್ಲೇ ಜಗಳಗಂಟಿಯಾದ ಒಂದು ಕೆಂಪು ಹೇಟೆಯನ್ನು ಕೊಟ್ಟ. ಅದನ್ನು ಕಂಕುಳಲ್ಲಿ ಒತ್ತಿಕೊಂಡು ಟೆಂಪ್ರವರಿ ಬಿಸಿಲಲ್ಲಿ ನಡೆದ. ವೈದ್ಯರು ಊಟಕ್ಕೆ ಹೋಗಿದ್ದರು. ಬರುವುದು ನಾಲ್ಕಕ್ಕಂತೆ. ಕೋಳಿ ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಕಿತ್ತು ನುಂಗುತ್ತಾ ಹೊತ್ತು ಕಳೆಯಿತು.

ನಾಲ್ಕಕ್ಕೆ ಬಂದ ವೈದ್ಯರು ಕೋಳಿಯನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡರು. “ಏನಾಗಿದೆ?”

“ಗುಂಡಿ ನುಂಗಿದೆ ಡಾಕ್ಟ್ರೇ, ಮೂರು. ಈಗ ಅದು ಎಲ್ಲಿ ಹೋಗಿ ಕೂತಿರುತ್ತೆ?” ಎಂದು ಟೆಂಪ್ರವರಿ ಜೇಬಿನಿಂದ ಕಾರ್ಡು ತೆಗೆದು ಪೆನ್ನು ಬಿಚ್ಚಿ ಬಾಯಿ ತೆರೆದು ನಿಂತ.

“ಅದು ಕೂರೋದು...” ಎಂದು ವೈದ್ಯರು ಕೋಳಿಯ ಎದೆಯ ಕೆಳಗೆ ಬೆರಳು ಒತ್ತಿದರು. ಒತ್ತಿದ್ದೇ ತಡ, ಕೋಳಿ ಕಿರುಚಿ ಅವರ ಕನ್ನಡಕಕ್ಕೆ ಒದ್ದು ಕಿಟಕಿಯಿಂದ ಹಾರಿತು. ಕೋಳಿ ಹೋದರೆ ಸೈಕಲ್ ಹೋಯಿತು! ಟೆಂಪ್ರವರಿ ಅದರ ಹಿಂದೆಯೇ ಕಿಟಕಿ ದಾಟಿದ.

ಕೋಳಿ ಮುಂದೆ, ಇವನು ಹಿಂದೆ, ಇವನ ಹಿಂದೆ ಎರಡು ನಾಯಿ. ಓಡಿ ಓಡಿ ಕೋಳಿ ನುಗ್ಗಿದ್ದು ಕಚೇರಿಯ ಕೆಳಗಿನ ಗಿರಣಿಗೇ. ಕಾಳಿದ್ದ ಕಡೆ ಹೋಗದೆ ಅದು ಇನ್ನೆಲ್ಲಿಗೆ ಹೋದೀತು? ಇವನು ಅದರ ಮೇಲೆ ಹಾರಿ ಬಿದ್ದದ್ದು ಆಗ ತಾನೇ ಬೀಸಿ ಸುರಿದಿದ್ದ ಹಿಟ್ಟಿನ ರಾಶಿಯೊಳಗೆ. ಗಿರಣಿಯವನ ಬೈಗುಳ ಬೆನ್ನಿಗೆ ಹೊತ್ತು, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಕಂಕುಳಲ್ಲಿ ಅಷ್ಟೇ ಬೆಳ್ಳಗಾದ ಕೋಳಿ ಹಿಡಿದು ಮೆಟ್ಟಿಲು ಹತ್ತಿ ಬಂದವನನ್ನು ಕಂಡು ಟೈಪಿಸ್ಟಮ್ಮ ಚೀರಿದಳು.

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

“ವಾಕ್ಯ?” ಎಂದರು ಸಂಪಾದಕರು, ಕೋಳಿಯ ಬಗ್ಗೆ ಒಂದು ಮಾತೂ ಆಡದೆ.

“ಸಾರ್, ನಾಲಿಗೆ ತುದಿಗೆ ಬಂದಿತ್ತು ಸಾರ್. ಡಾಕ್ಟ್ರ ನಾಲಿಗೆ ತುದಿಗೆ.”

“ನಾಲಿಗೆ ತುದಿಯದ್ದನ್ನ ಕಾರ್ಡಿಗೆ ಬರೆಯೋಕಾಗಲ್ಲ ಕಣ್ರೀ.”

ಟೆಂಪ್ರವರಿಗೆ ನಿಜವಾಗಿ ಅಳು ಬಂತು. ಹಿಟ್ಟಿನ ಕೆನ್ನೆಯ ಮೇಲೆ ಎರಡು ಗೆರೆ ಇಳಿದವು. ಮೂರು ವರ್ಷ ಆಯಿತು, ಇನ್ನೆಷ್ಟು ವರ್ಷವೋ ಆ ನೀರಿನ ಕೊಡದ ಪಕ್ಕ! ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು.

“ಸರೀರಿ, ಸರೀರಿ, ದಾರಿ ಬಿಡ್ರಿ! ಎಲ್ಲಿ ನಮ್ಮ ಅಳಿಯಂದ್ರು?”

ಮಾವ! ಮೇಷ್ಟ್ರಿಂದ ಕಲ್ಲಿನ ಸುದ್ದಿ ಕೇಳಿ ಹೊರಟವರು, ಅಳಿಯ ದನದ ಡಾಕ್ಟರ ಬಳಿ ಹೋದನೆಂದು ತಿಳಿದು ಗಾಬರಿಯಾಗಿ ಅಲ್ಲಿಗೂ ಹೋಗಿ, ಒಡೆದ ಕನ್ನಡಕದ ವೈದ್ಯರಿಂದ ಪೂರ್ತಿ ಪಾಠ ಹೇಳಿಸಿಕೊಂಡು ಬಂದಿದ್ದರು. ಬಂದವರೇ ಸಂಪಾದಕರ ಮೇಜಿಗೆ ಗುದ್ದಿದರು.

“ಏನ್ ಸ್ವಾಮಿ, ಏನ್ ಕೆಲಸ ಕೊಟ್ಟಿದ್ದೀರಿ ನಮ್ಮ ಹುಡುಗನಿಗೆ? ಕಲ್ಲು ಇರೋದು ಕೋಳಿ ಗಿಜರ್ಡಲ್ಲಿ, ಊರೆಲ್ಲ ಮದ್ದು ಕೊಡ್ತಿರೋದು ಇವನಿಗೆ!”

ಸಂಪಾದಕರು ಮೆಲ್ಲನೆ ಕುರ್ಚಿಯಿಂದ ಎದ್ದರು. “ಇನ್ನೊಂದ್ಸಲ ಹೇಳಿ...”

“ಒಂದ್ಸಲ ಏನು, ಹತ್ಸಲ ಹೇಳ್ತೀನಿ! ಹಲ್ಲಿಲ್ಲದ ಬಾಳು ನಿಮಗೇನು ಗೊತ್ತು? ದೇವರು ನನಗೂ ಒಂದು ಗಿಜರ್ಡ್ ಕೊಟ್ಟಿದ್ದಿದ್ರೆ, ಮಗಳ ಮನೆ ಅನ್ನಕ್ಕೆ ಕಾಯದೆ ಎರಡು ಹಿಡಿ ಜಲ್ಲಿಕಲ್ಲು ನುಂಗಿ ಬದುಕ್ತಿದ್ದೆ! ಮೂವತ್ತೆರಡು ವರ್ಷ ಬಸ್ಸಲ್ಲಿ ದುಡಿದೋನು ನಾನು. ಬಸ್ಸು ಅಂದ್ರೇನು? ಅದೂ ಒಂದು ಗಿಜರ್ಡೇ ಸ್ವಾಮಿ! ಹಲ್ಲಿಲ್ಲ, ಆದ್ರೆ ಒಳಗೆ ಬಿದ್ದೋರನ್ನೆಲ್ಲ ಅರೆದು ಹಿಟ್ಟು ಮಾಡೇ ಇಳಿಸೋದು.”

ಸಂಪಾದಕರ ಪೆನ್ನು ಓಡುತ್ತಿತ್ತು. ಟೈಪಿಸ್ಟಮ್ಮ ಕಾರ್ಡಿನ ಮೇಲೆ ಕಾರ್ಡು ಕೊಡುತ್ತಿದ್ದಳು. ಟೆಂಪ್ರವರಿ ಕೋಳಿಯನ್ನು ನೆಲಕ್ಕೆ ಬಿಟ್ಟು ಮಾವನ ಕಾಲಿಗೇ ಬಿದ್ದ. “ಮಾವ, ನೀವು ಮನುಷ್ಯರಲ್ಲ, ದೇವರು! ವಾಕ್ಯ ಬಂತು, ಅದೂ ಮೂರು. ನನ್ನ ಕೆಲಸ ಖಾಯಂ ಆಯ್ತು!”

“ಇಪ್ಪತ್ತು ವರ್ಷ ಕಾದಿದ್ದೆ ಕಣ್ರೀ ಇಂಥ ಬಾಯಿಗೆ” ಎಂದರು ಸಂಪಾದಕರು. ಡ್ರಾಯರ್ ಎಳೆದು ಆರ್ಡರಿನ ಹಾಳೆ ತೆಗೆದರು, ಕನ್ನಡಕ ಒರೆಸಿಕೊಂಡರು. “ಹೇಳಿ, ಪೂರ್ತಿ ಹೆಸರು?”

ಟೆಂಪ್ರವರಿ ಎದ್ದು ನಿಂತು, ಮುಖದ ಹಿಟ್ಟು ಒರೆಸಿಕೊಂಡು, ಮೂರು ವರ್ಷದಿಂದ ಯಾರೂ ಕೇಳದಿದ್ದ ತನ್ನ ಹೆಸರನ್ನು ಹೇಳಲು ಬಾಯಿ ತೆರೆದ.

“ನಿಮ್ಮದಲ್ಲ ಕಣ್ರೀ, ಅವರದು” ಎಂದರು ಸಂಪಾದಕರು.

“ಸಾರ್! ಅವರಿಗೆ ಅರವತ್ತೈದು ವಯಸ್ಸು ಸಾರ್!”

“ನನಗಿಂತ ಹದಿಮೂರು ವರ್ಷ ಚಿಕ್ಕವರು. ಏಳನೇ ಅಕ್ಷರ ಮುಟ್ಟೋಕೆ ನಿಮ್ಮಂಥವರನ್ನ ಕಟ್ಟಿಕೊಂಡು ಇಪ್ಪತ್ತು ವರ್ಷ ಹಿಡೀತು. ಇವರು ದಿನಾ ಇಲ್ಲಿ ಕೂತು ಮಾತಾಡಲಿ, ನೀವು ಪಕ್ಕದಲ್ಲಿ ಕೂತು ಬರ್ಕೊಳ್ಳಿ. ಟೆಂಪ್ರವರಿ ಜಾಗ ನಿಮಗೆ ಇದ್ದೇ ಇದೆಯಲ್ಲ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಅದು ಮಾವನ ಹಲ್ಲಿಲ್ಲದ ಬಾಯಿಗೆ ಹೋಗಿತ್ತು. ಮಾವ ಆರ್ಡರನ್ನು ಎರಡು ಸಲ ಓದಿಸಿ ಕೇಳಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಟೆಂಪ್ರವರಿ ಕೊನೆಯ ಆಸೆಯಿಂದ ಅವರ ಮುಖ ನೋಡಿದ.

“ಮಾವ, ಹಾಗಾದ್ರೆ ಇನ್ನು ಸಂಬಳ ಬರುತ್ತಲ್ಲ... ನಿಮಗೇ ಅಂತ ಒಂದು ಬೇರೆ ಮನೆ...”

“ಛೆ ಛೆ, ಎಂಥ ಮಾತು ಅಳಿಯಂದ್ರೇ!” ಮಾವನ ಕಣ್ಣು ಪ್ರೀತಿಯಿಂದ ತುಂಬಿತು. “ನಿಮ್ಮ ಕೆಲಸ ಖಾಯಂ ಆಗೋ ತನಕ ಇಳಿಯಲ್ಲ ಅಂತ ಮಾತು ಕೊಟ್ಟಿದ್ದೀನಿ. ಇನ್ನು ಆ ಹುದ್ದೆ ಖಾಲಿ ಆಗೋದೇ ನಾನು ಸತ್ತ ಮೇಲೆ. ನಡೀರಿ, ಮುಂದೆ ನಡೀರಿ.”