ಮೌಶಿಯ ಕ್ಲೀನ್ ರೂಮು

ನಮ್ಮ ಮೌಶಿಗೆ, ಅಂದರೆ ಅವ್ವನ ತಂಗಿಗೆ, ಎದುರಿಗೆ ಬಂದು ನಿಂತ ಬೀಗರು ಕಾಣುವುದಿಲ್ಲ. ಅವರ ಹೆಗಲ ಮೇಲಿನ ಧೂಳು ಮಾತ್ರ ಕಾಣುತ್ತದೆ! ಇಂಥ ಕಣ್ಣಿಗೆ ವಿಶ್ವವಿದ್ಯಾಲಯ ಸಂಬಳ ಕೊಡುತ್ತದೆ ಎಂದರೆ ನಂಬುತ್ತೀರಾ?

ಮೌಶಿಯದು ನ್ಯಾನೋ ಸಂಶೋಧನೆ. ಒಂದು ಕೂದಲನ್ನು ಸಾವಿರಾರು ಎಳೆಯಾಗಿ ಸೀಳಿದರೆ ಎಷ್ಟು ತೆಳ್ಳಗಾದೀತೋ ಅಷ್ಟು ತೆಳ್ಳಗಿನ ಲೋಹದ ಪದರ ಮಾಡುವ ಕೆಲಸ. ಅದರ ಮೇಲೆ ಪೌಡರಿನ ಒಂದು ಕಣ ಬಿದ್ದರೂ ಅಷ್ಟು ದಿನದ ದುಡಿಮೆ ಹಾಳು. ಹಾಗಾಗಿ ಅಲ್ಲಿಯ ಕ್ಲೀನ್ ರೂಮಿಗೆ ಪೌಡರ್, ಕಾಡಿಗೆ, ಕುಂಕುಮ ಹಚ್ಚಿಕೊಂಡು ಹೋಗುವಂತಿಲ್ಲ. ತಮಾಷೆ ನೋಡಿ, ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ಊರವರ ಬೆವರೆಲ್ಲ ಒರೆಸಿಕೊಂಡು ಹೊರಟವಳು ಕೊನೆಗೆ ಹೊಗುವುದು ಮುಂಬಯಿಯ ಅತಿ ಶುಭ್ರವಾದ ಕೋಣೆಯನ್ನು!

ಆ ನಿಯಮಗಳು ಮನೆಗೂ ಬಂದವು. ಧಾರವಾಡದ ಕಾಕಾ ಫೇಡೆ ತಂದಾಗ ಮೌಶಿ, "ಸಕ್ರಿ ಪುಡಿ ಉದುರತದ ಕಾಕಾ, ಬಾತ್‌ರೂಮಿನ್ಯಾಗ ನಿಂತು ತಿನ್ರಿ" ಅಂದಳು. ಪಾಪ, ತಿಂದರು. ಮುಂದಿನ ಸಲ ಅವರು ತಂದದ್ದು ಬಾಳೆಹಣ್ಣು.

ಎದುರು ನಿಲ್ಲುತ್ತಿದ್ದವಳು ಅಜ್ಜಿಯೊಬ್ಬಳೇ. ದಿನಾ ಬೆಳಿಗ್ಗೆ ಕುಂಕುಮದ ಭರಣಿ ಹಿಡಿದು ಬಾಗಿಲಲ್ಲಿ ಹಾಜರು.

"ಬರೇ ಹಣೀಲೆ ಹೊಂಟೀಯಲ್ಲ, ನಿನಗೇನು ಕಡಿಮಿ ಆಗೇದ?"

"ಪುಡಿ ಅಲ್ಲಿ ನಡಿಯೂದಿಲ್ಲವ್ವಾ. ಲೋಕಲ್ ತಪ್ಪತದ."

ನಾವು ನಗುತ್ತಿದ್ದೆವು. ಅಜ್ಜಿಗೆ ಮಾತ್ರ ಅದು ನಿಜವಾದ ನೋವು. ಭರಣಿ ಮುಚ್ಚಿ ಒಳಗೆ ಹೋಗುತ್ತಿದ್ದಳು.

ಈ ವರ್ಷ ಅಜ್ಜಿಗೆ ರಕ್ತದ ಕಾಯಿಲೆ ಬಂತು. ಚಿಕಿತ್ಸೆಯಿಂದ ಮೈಯ ತ್ರಾಣವೆಲ್ಲ ಇಳಿದಿದೆ, ಸಣ್ಣ ಸೋಂಕು ತಗುಲಿದರೂ ಜೀವಕ್ಕೆ ಅಪಾಯ ಅಂದರು ಡಾಕ್ಟರು. ಮೌಶಿ ರಜೆ ಹಾಕಿದಳು. ಪರದೆ ಕಿತ್ತು, ಗೋಡೆ ಒರೆಸಿ, ಅಜ್ಜಿಯ ಕೋಣೆಯನ್ನೇ ಕ್ಲೀನ್ ರೂಮು ಮಾಡಿದಳು. ಟೊಪ್ಪಿಗೆ, ಮಾಸ್ಕು, ಗೌನು, ಕೈಗವಸು ಇಲ್ಲದೆ ಯಾರಿಗೂ ಪ್ರವೇಶವಿಲ್ಲ. ನಗುತ್ತಿದ್ದ ನಾವೆಲ್ಲ ಸಾಲಾಗಿ ನಿಂತು ಕೈ ತೊಳೆದೆವು.

ಆದರೆ ಈ ಮುಸುಕಿನವರನ್ನು ಕಂಡು ಅಜ್ಜಿ ಗಾಬರಿಯಾದಳು. ಗಂಜಿ ಹಿಡಿದು ಬಂದ ಮೌಶಿಯನ್ನೇ ನರ್ಸು ಅಂದುಕೊಂಡು, "ನನ್ನ ಮಗಳನ್ನ ಕರೀರಿ" ಎಂದು ಮುಖ ತಿರುಗಿಸಿದಳು. ಇಡೀ ದಿನ ಏನೂ ತಿನ್ನಲಿಲ್ಲ.

ಮರುದಿನ ಮೌಶಿ ಒಳಗೆ ಹೋದಾಗ ಟೊಪ್ಪಿಗೆಗೂ ಮಾಸ್ಕಿಗೂ ನಡುವೆ, ಹಣೆಯ ಮೇಲೆ, ಅಂಟಿಸಿದ ಕೆಂಪು ಟಿಕಳಿ!

ಅಜ್ಜಿ ಬಹಳ ಹೊತ್ತು ನೋಡಿದಳು. "ಇದು ನಡೀತದೇನ?"

"ನಡೀತದವ್ವಾ. ಪುಡಿ ಉದುರೂದಿಲ್ಲ. ಲ್ಯಾಬಿಗೆ ಹೋಗಿ ಮೈಕ್ರೋಸ್ಕೋಪಿನ್ಯಾಗ ನೋಡ್ಕೊಂಡ ಬಂದೇನಿ."

ಅಜ್ಜಿ ಬಾಯಿ ತೆರೆದಳು. ಮೌಶಿ ಗಂಜಿ ತಿನ್ನಿಸತೊಡಗಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಕಣ್ಣು ಒರೆಸಿಕೊಳ್ಳಬೇಕಾಗಿತ್ತು. ಆದರೆ ಕೈಗವಸು ಹಾಕಿದ ಮೇಲೆ ಮುಖ ಮುಟ್ಟಬಾರದು ಎಂಬುದು ಮೌಶಿಯ ನಿಯಮ. ಹಾಗೆಯೇ ನಿಂತಿದ್ದೆ.